ನಾಯಕರು ಹೆಣೆದ ಮೊರ

ಗೂಳಿಕೋಟೆಯ ಬೊಮ್ಮನಾಯಕನಿಗೆ ಒಂದು ಆಸೆ. ತನ್ನ ಮಗಳ ಮದುವೆ ನೋಡಿ ಸುತ್ತಲ ಏಳು ಸೀಮೆಯವರು ಹೊಟ್ಟೆ ಉರಿದುಕೊಳ್ಳಬೇಕು. ಖರ್ಚು ಮಾತ್ರ ಬೇರೆಯವರದ್ದಾಗಿರಬೇಕು. ಇಂಥ ಆಸೆಯವರು ಈಗಲೂ ಇದ್ದಾರೆ. ಅವರಿಗೆ ಕೋಟೆ ಇರುವುದಿಲ್ಲ, ಅಷ್ಟೆ.

ಒಂದು ಬೆಳಗ್ಗೆ ಅವನು ಆಸ್ಥಾನದಲ್ಲಿ ಮೀಸೆ ತಿರುವಿ ಹೇಳಿದ: "ಮದುವೆಗೆ ಮನೆಗೊಂದು ಬೆಳ್ಳಿ ಚೆಂಬು ಮುಯ್ಯಿ ಬರಬೇಕು. ಬೆಳ್ಳಿಗಿಂತ ಕಡಿಮೆಯದನ್ನು ನಮ್ಮ ಅರಮನೆ ಮುಟ್ಟುವುದಿಲ್ಲ. ಸಂಪಣ್ಣ, ಆಜ್ಞೆ ಬರೆದಿಡು. ನಾಳೆ ಡಂಗುರ."

ಸಂಪಣ್ಣ ಅರಮನೆಯ ಕರಣಿಕ. ಅವನು ನಕ್ಕದ್ದನ್ನು ನೋಡಿದವರಿಲ್ಲ. "ಅಪ್ಪಣೆ" ಎಂದು ಓಲೆ ಎತ್ತಿಕೊಂಡು ಮನೆಗೆ ಹೋದ.

ಡಂಗುರಕ್ಕೆ ಮೊದಲೇ ಸುದ್ದಿ ಊರು ಸುತ್ತಿತ್ತು. ಅವನ ಮನೆ ಬಾಗಿಲಲ್ಲಿ ಮೇದರ ಈರಕ್ಕ ಕೂತಿದ್ದಳು. ಬಿದಿರಿನ ಬುಟ್ಟಿ, ಮೊರ ಹೆಣೆದು ಬದುಕುವವಳು.

"ಸಂಪಣ್ಣಯ್ಯಾ, ನಮ್ಮನೇಲಿ ಬೆಳ್ಳಿ ಅಂತ ಇರೋದು ನಮ್ಮವ್ವನ ಕಾಲ್ಕಡಗ ಒಂದೇ. ಬರೋ ತಿಂಗ್ಳು ನನ್ನ ಮಗಳು ಪುಟ್ಟೀರಿ ಅದನ್ನ ಹಾಕ್ಕೊಂಡು ಹಸೆಮಣೆ ಏರ್ಬೇಕು. ಅದನ್ನೇ ಕರಗಿಸಿ ಚೆಂಬು ಮಾಡ್ಸಿಬಿಟ್ರೆ ನನ್ನ ಕೂಸು ಬರಿಗಾಲಲ್ಲಿ ಕೂರ್ಬೇಕಲ್ಲಾ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಪಣ್ಣ ಓಲೆ ಪಕ್ಕಕ್ಕಿಟ್ಟು ಅವಳ ಎದುರು ಕೂತ. ಮುಖ ಮಾತ್ರ ಎಂದಿನಂತೆಯೇ ಇತ್ತು.

"ಕಡಗ ಪೆಟ್ಟಿಗೆಯಲ್ಲೇ ಇರಲಿ ಈರಕ್ಕ. ಮದುವೆಯ ಬಾಗಿನಕ್ಕೆ ಮೊರ ಹೆಣೆದು ಕೊಡ್ತೀಯಾ?"

"ಬಿದಿರಿದ್ರೆ ಎಷ್ಟಾದ್ರೂ ಹೆಣೀತೀನಿ."

"ಹಾಗಾದರೆ ಈಗಲೇ ಶುರು ಮಾಡು."

ಮರುದಿನ ಸಂಪಣ್ಣ ನಾಯಕನ ಮುಂದೆ ನಿಂತ. "ಪ್ರಭು, ಬರೆಯುವಾಗ ಒಂದು ಸಂಶಯ ಬಂತು. ಊರವರು ನಮ್ಮ ಮದುವೆಗೆ ತಂದದ್ದನ್ನೇ ನಾವು ಅವರ ಮನೆ ಮದುವೆಗೆ ಹಿಂದಿರುಗಿಸಬೇಕು. ಮುಯ್ಯಿ ಅಂದರೆ ಅದೇ ಅಲ್ಲವೆ? ಅರಮನೆಗೂ ಈ ಪದ್ಧತಿ ಉಂಟೋ, ಇಲ್ಲವೋ?"

ನಾಯಕ ಸಿಡಿದೆದ್ದ. "ಏನು ಮಾತು! ನಮ್ಮ ತಾತ ಹಗೆಯವರ ಮನೆಗೂ ಮುಯ್ಯಿ ತೀರಿಸಿದವರು. ಮುಯ್ಯಿ ಉಂಡು ಮರೆಯುವ ವಂಶವೇ ಇದು?"

"ಸರಿ ಪ್ರಭು. ಸೀಮೆಯ ಒಂಬೈನೂರು ಮನೆಗೂ ಬೆಳ್ಳಿ ಚೆಂಬು ಹಿಂದಿರುಗಿಸುವುದು ಎಂದು ಬರೆಯುತ್ತೇನೆ."

ನಾಯಕ ಜಗಿಯುತ್ತಿದ್ದ ಎಲೆ ಅಡಿಕೆ ಬಾಯಲ್ಲೇ ನಿಂತಿತು.

"ತಡಿ. ಬೆಳ್ಳಿ ಬೇಡ. ಬೇರೆ ಏನಾದರೂ ಹೇಳು."

"ಅವರವರ ಕೈಯಾರೆ ಮಾಡಿದ್ದು ತರಲಿ. ಚಪ್ಪರ, ತೋರಣ, ಬಾಗಿನ ಎಲ್ಲ ಪುಕ್ಕಟೆ ಆಗುತ್ತೆ."

"ಭೇಷ್! ತಿರುಗಿ ಕೊಡುವುದೂ ಒಂದು ಹಿಡಿ ಮಾವಿನೆಲೆ ತಾನೆ? ಬರಿ!"

"ಬರೆದೆ. ಕೊಡುವವರೂ ಹಿಂದಿರುಗಿಸುವವರೂ ತಮ್ಮ ಕೈಯಾರೆ ಮಾಡಿದ್ದನ್ನೇ ಕೊಡತಕ್ಕದ್ದು. ಕೊನೆಗೆ ಒಂದು ಸಾಲು ಸೇರಿಸಲೆ? ಕೈಕೆಲಸ ಏನೂ ಬಾರದವರು ಬೆಳ್ಳಿ ಕೊಟ್ಟು ಮುಯ್ಯಿ ತೀರಿಸಬಹುದು."

ನಾಯಕ ಗಹಗಹಿಸಿದ. "ಅಂಥ ದಂಡಪಿಂಡ ನನ್ನ ಸೀಮೆಯಲ್ಲಿ ಯಾರಿದ್ದಾನಯ್ಯ? ಇರಲಿ, ಬರಿ." ಮುದ್ರೆಯೂ ಬಿತ್ತು.

ಮದುವೆ ಎಂದರೆ ಮದುವೆ! ತೆಂಗಿನ ಗರಿಯಲ್ಲಿ ಮಡಿಸಿದ ಗಿಳಿಗಳು ಚಪ್ಪರದ ತುಂಬ ತೂಗಿದವು. ಕುರುಬರು ಬಣ್ಣದ ಉಣ್ಣೆಯ ಕುಚ್ಚು ಕಟ್ಟಿದರು. ಕುಂಬಾರರು ಸುಣ್ಣ ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆದ ಮಡಕೆಗಳನ್ನು ಸಾಲಾಗಿ ಪೇರಿಸಿದರು. ಬಂದವರಿಗೆಲ್ಲ ಮುತ್ತುಗದೆಲೆಯ ಪೊಟ್ಟಣದಲ್ಲಿ ತಾಂಬೂಲ. ಮುತ್ತೈದೆಯರ ಬಾಗಿನಕ್ಕೆ ಈರಕ್ಕ ಅರಿಸಿನ ಬಳಿದ ಇಪ್ಪತ್ತೊಂದು ಮೊರ ತಂದಿಟ್ಟಳು.

"ಯಾವ ಪಟ್ಟಣದಿಂದ ತರಿಸಿದಿರಿ?" ಎಂದರು ಗಂಡಿನ ಕಡೆಯವರು.

"ಎಲ್ಲ ನನ್ನದೇ ಯೋಚನೆ" ಎಂದ ನಾಯಕ. ಸಂಪಣ್ಣ ಪಕ್ಕದಲ್ಲೇ ಇದ್ದ, ತಲೆ ಆಡಿಸಿದ.

ತಿಂಗಳಾಯಿತು. ಈರಕ್ಕ ಅಕ್ಷತೆ ಹಿಡಿದು ಅರಮನೆಗೆ ಬಂದಳು. "ಬುದ್ಧೀ, ನನ್ನ ಮಗಳ ಮದ್ವೆ. ದಯಮಾಡಿಸ್ಬೇಕು."

"ಆಗಲಿ. ಸಂಪಣ್ಣ, ಪೇಟೆಯಿಂದ ಇಪ್ಪತ್ತೊಂದು ಮೊರ ತರಿಸಿಕೊಡು."

"ಪೇಟೆಯಲ್ಲಿ ಮೊರ ಮಾರುವವಳು ಈರಕ್ಕ ಒಬ್ಬಳೇ ಪ್ರಭು. ಸಾಲದ್ದಕ್ಕೆ ಆಜ್ಞೆಯಲ್ಲಿ ಕೈಯಾರೆ ಎಂದಿದೆ."

ಎದುರಿಗೆ ಆಸ್ಥಾನವೆಲ್ಲ ಕೂತಿದೆ. ತಾತನ ಹೆಸರು ಬೇರೆ ಎತ್ತಿ ಆಗಿದೆ. ನಾಯಕ ಬಿದಿರು ತರಿಸಿದ.

ಆರು ದಿನ ಹೆಣೆದ. ಹುಲಿ ಹೊಡೆದ ಕೈ ಎಂದು ಹೊಗಳಿಸಿಕೊಂಡ ಕೈಗೆ ಸಿಬಿರು ಚುಚ್ಚಿ ಐದು ಬೆರಳಿಗೂ ಬಟ್ಟೆ ಕಟ್ಟಿದ್ದಾಯಿತು. ಏಳನೆಯ ದಿನ ಒಂದು ಮೊರ ಸಭೆಗೆ ಬಂತು. ಅದರ ಒಂದು ಮೂಲೆ ಆಕಾಶ ನೋಡುತ್ತಿತ್ತು.

ಈರಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಚೆನ್ನಾಗದೆ ಬುದ್ಧಿ. ಆದ್ರೆ ಇದ್ರಲ್ಲಿ ಕೇರಿದ್ರೆ ಅಕ್ಕಿ ಹೋಗಿ ಕಲ್ಲು ಉಳೀತದೆ."

"ಇನ್ನು ಇಪ್ಪತ್ತು ಬಾಕಿ" ಎಂದ ಸಂಪಣ್ಣ. "ಆಮೇಲೆ ಕುಂಬಾರರ ಮನೆ ಮದುವೆ. ಮಡಕೆಗೆ ಮಣ್ಣು ಕಲಸಿಡಲು ಹೇಳಲೆ?"

ನಾಯಕ ಬಟ್ಟೆ ಸುತ್ತಿದ ಕೈಯನ್ನೇ ಮುಗಿದ. "ಸಂಪಣ್ಣ, ತಪ್ಪಿಸಿಕೊಳ್ಳಲು ಏನೂ ದಾರಿ ಇಲ್ಲವೇನಯ್ಯ?"

"ಇದೆ ಪ್ರಭು. ಕೊನೆಯ ಸಾಲು." ಸಂಪಣ್ಣ ಓಲೆ ಬಿಚ್ಚಿ ಓದಿದ: "ಕೈಕೆಲಸ ಏನೂ ಬಾರದವರು ಬೆಳ್ಳಿ ಕೊಟ್ಟು ಮುಯ್ಯಿ ತೀರಿಸಬಹುದು." ಓಲೆ ಮಡಿಸಿ ಮುಂದುವರಿಸಿದ: "ಅಂಥವನು ಈ ಸೀಮೆಯಲ್ಲಿ ಯಾರಿದ್ದಾನೆ ಎಂದು ಪ್ರಭುಗಳು ಅಂದು ಕೇಳಿದಿರಿ. ಉತ್ತರ ಗೊತ್ತಿತ್ತು. ಹೇಳುವ ಧೈರ್ಯ ಇರಲಿಲ್ಲ."

ನಾಯಕ ಸಂಪಣ್ಣನನ್ನು ನೋಡಿದ, ಮೊರವನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ಆ ನಗುವಿನಲ್ಲೇ ಈರಕ್ಕನಿಗೆ ಬೆಳ್ಳಿ ಚೆಂಬು ಕೊಡಿಸಿದ. ಮುಂದೆ ಮದುವೆಯಾಗುವ ಪ್ರತಿ ಮನೆಗೂ ಒಂದೊಂದು ಹೋಗಲಿ ಎಂದ. ಸಂಪಣ್ಣನ ಹೆಗಲಿಗೆ ತನ್ನ ಶಾಲು ಹೊದಿಸಿದ. ಸಂಪಣ್ಣ ಆಗಲೂ ನಗಲಿಲ್ಲ.

ಪುಟ್ಟೀರಿ ಅಜ್ಜಿಯ ಕಡಗ ಘಲ್ಲೆನ್ನಿಸುತ್ತ ಹಸೆಮಣೆ ಏರಿದಳು. ಚಪ್ಪರದ ಬಾಗಿಲಿಗೆ ಈರಕ್ಕ ಆ ಸೊಟ್ಟ ಮೊರವನ್ನೇ ಅರಿಸಿನ ಬಳಿದು ತೂಗುಹಾಕಿದ್ದಳು.

"ಇದ್ಯಾರು ಹೆಣೆದದ್ದು?" ಎಂದು ಬೀಗರು ಮೂಗು ಮುರಿದರು.

"ನಮ್ಮೂರಿನವ್ರೇ" ಎಂದಳು ಈರಕ್ಕ. "ಇನ್ನೂ ಕಲೀತಾವ್ರೆ."