ದೊಡ್ಡಕೊಂಬನ ಅಪ್ಪಣೆ

ಬಿದಿರುಗುಡ್ಡದ ಕಾಡಿನಲ್ಲಿ ಒಬ್ಬರ ಕೂಗೇ ಎಲ್ಲರ ಕಾವಲು, ಮಕ್ಕಳೇ. ಹುಲಿಯೋ ಚಿರತೆಯೋ ಕಣ್ಣಿಗೆ ಬಿದ್ದರೆ ಮರದ ಮೇಲಿನ ಕರಿಮೂತಿಯ ಕೋತಿ, ಮುಸುವ, ಕೂಗುತ್ತಿದ್ದ. ಅದು ಕೇಳಿಸಿದ್ದೇ ತಡ, ಮುಂದಿನ ಮರದ ಮುಸುವನೂ ಕೂಗುತ್ತಿದ್ದ. ಹೀಗೆ ಮರದಿಂದ ಮರಕ್ಕೆ ದಾಟಿ, ಗುಡ್ಡದ ಸುದ್ದಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಕೆರೆ ಮುಟ್ಟುತ್ತಿತ್ತು.

ಇಡೀ ಕಾಡಿನ ಕಾವಲುಪಡೆಗೆ ಮುಖ್ಯಸ್ಥ ದೊಡ್ಡಕೊಂಬ ಎಂಬ ಕಡವೆ. ಗಟ್ಟಿಗನೇ, ಆದರೆ ಹೊಗಳಿಕೆ ಎಂದರೆ ಪ್ರಾಣ. ಕಾಡಿನ ಒಡತಿ ಹಿರಿಯಮ್ಮ ಎಂಬ ಆನೆ ಒಮ್ಮೆ, "ನೀನು ಬಂದ ಮೇಲೆ ಕೂಗಾಟವೇ ಕಡಿಮೆಯಾಯ್ತಲ್ಲಪ್ಪಾ, ಎಷ್ಟು ನೆಮ್ಮದಿ!" ಎಂದಳು. ಅಷ್ಟಕ್ಕೇ ಅವನ ತಲೆ ತಿರುಗಿತು.

"ಇನ್ನು ಮೇಲೆ ನನ್ನನ್ನು ಕೇಳದೆ ಯಾರೂ ಕೂಗಕೂಡದು" ಎಂದು ಅಪ್ಪಣೆ ಹೊರಡಿಸಿದ. ಕೇಳದೆ ಕೂಗಿದ ಮುಸುವನೊಬ್ಬನನ್ನು ಕಾಡಿನಿಂದಲೇ ಓಡಿಸಿದ. ಕಾಡು ಗಪ್‌ಚಿಪ್ ಆಯಿತು.

ಒಂದು ಸಂಜೆ ಹಿರಿಯಮ್ಮ ಗುಡ್ಡಕ್ಕೆ ಬಂದಿದ್ದಳು. ದೊಡ್ಡಕೊಂಬ ತನ್ನ ಆಡಳಿತದ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ, ಕಾಡಿನ ನೆಮ್ಮದಿಯನ್ನು ಅವಳು ಮೆಚ್ಚಿ ತಲೆದೂಗುತ್ತಿದ್ದಳು. ಅಷ್ಟರಲ್ಲಿ ನೀಳಬಾಲ ಎಂಬ ಮುಸುವ ಏದುಸಿರು ಬಿಡುತ್ತಾ ಬಂದು, ಅವನ ಕಿವಿಯಲ್ಲಿ ಪಿಸುಗುಟ್ಟಿದ.

"ಸ್ವಾಮಿ, ಚಿರತೆ ಕೆರೆ ಕಡೆಗೆ ಹೊರಟಿದೆ. ಕೂಗಲಾ?"

"ಶ್! ಹಿರಿಯಮ್ಮ ಇರೋದು ಕಾಣೋದಿಲ್ವಾ? ಅವರು ಹೋಗಲಿ, ತಾಳು."

"ಅಲ್ಲೊಂದು ಮರಿ ಒಂಟಿಯಾಗಿ ನೀರು ಕುಡೀತಿದೆ, ಸ್ವಾಮಿ."

"ಯಾರದ್ದೋ ಏನೋ! ಹೆತ್ತವರಿಗೆ ಬುದ್ಧಿ ಬೇಡವಾ?"

"ದೂರದಿಂದ ಗುರುತು ಸಿಗಲಿಲ್ಲ. ಒಂದು ಕಿವಿ ಮಡಚಿಕೊಂಡಿದೆ."

ದೊಡ್ಡಕೊಂಬ ಸರ್ರನೆ ಕೆರೆಯ ಕಡೆ ತಿರುಗಿದ. ಮಡಚಿದ ಕಿವಿ ಅವನ ಮಗಳು ಕೆಂಚಿಯದು. "ನನ್ನ ಕಾವಲಿರುವಾಗ ಭಯವೇನು, ಹೋಗಿ ಬಾ" ಎಂದು ಅವಳನ್ನು ಕೆರೆಗೆ ಕಳಿಸಿದವನೂ ಅವನೇ!

ಹಿರಿಯಮ್ಮನನ್ನೂ ಮರೆತು, ಗಂಟಲು ಹರಿಯುವಂತೆ ಕೂಗಿದ.

ಮುಂದಿನ ಮರದ ಮುಸುವನಿಗೆ ಅದು ಕೇಳಿಸಿತು. ಆದರೆ ಅವನು ಕೂಗಲಿಲ್ಲ. ಕೊಂಬೆಯಿಂದಿಳಿದು ಓಡಿ ಬಂದು, "ಸ್ವಾಮಿ, ನಾನೂ ಕೂಗಬಹುದಾ?" ಎಂದ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ. ಎಲ್ಲರೂ ಅಪ್ಪಣೆ ಕೇಳಲು ಬಂದವರೇ. ಮರಗಳ ಮೇಲೆ ಯಾರೂ ಉಳಿದಿರಲಿಲ್ಲ.

"ಅಯ್ಯೋ, ಕೂಗ್ರಪ್ಪಾ!" ಎನ್ನುತ್ತಾ ದೊಡ್ಡಕೊಂಬ ತಾನೇ ಇಳಿಜಾರಿನಲ್ಲಿ ಬಿದ್ದಂಬೀಳ ಓಡಿದ. ಮುಳ್ಳು ತರಚಿದ್ದು ತಿಳಿಯಲಿಲ್ಲ. 

ಕೆರೆಯ ಬಳಿ ಚಿರತೆ ಇರಲಿಲ್ಲ. ಬೆನ್ನ ಮೇಲೆ ಉಗುರಿನ ಗೀರು ಹೊತ್ತ ಕೆಂಚಿ ನಡುಗುತ್ತಾ ನಿಂತಿದ್ದಳು. ಅವಳ ಮುಂದೆ ರೆಕ್ಕೆ ಮುರಿದುಕೊಂಡ ತೇನೆಹಕ್ಕಿಯೊಂದು ಕೂತಿತ್ತು.

"ಈ ಅಕ್ಕ ಕೂಗಿಕೊಂಡೇ ಚಿರತೆಯ ಕಣ್ಣಿಗೆ ಕುಕ್ಕಿ ಓಡಿಸಿದಳಪ್ಪಾ" ಎಂದಳು ಕೆಂಚಿ ಬಿಕ್ಕುತ್ತಾ.

ತೇನೆಹಕ್ಕಿ ತಲೆ ತಗ್ಗಿಸಿತು. "ತಪ್ಪಾಯ್ತು, ಸ್ವಾಮಿ. ಕೇಳದೇ ಕೂಗಿಬಿಟ್ಟೆ. ನನ್ನನ್ನ ಓಡಿಸಿ, ಬೇಡ ಅನ್ನೋಲ್ಲ. ಕೆರೆ ದಂಡೇಲಿರೋ ನನ್ನ ಮೊಟ್ಟೆ ಒಡೆದು ಮರಿಯಾಗೋವರೆಗೆ ಮಾತ್ರ ಬಿಡಿ."

ದೊಡ್ಡಕೊಂಬನಿಗೆ ನಾಚಿಕೆಯಿಂದ ಸತ್ತುಹೋಗುವಂತಾಯಿತು. ತನ್ನ ಕೊಂಬುಗಳನ್ನು ಆ ಹಕ್ಕಿಯ ಮುಂದೆ ನೆಲಕ್ಕೆ ಮುಟ್ಟಿಸಿದ. ಹಿಂದೆಯೇ ಬಂದ ಹಿರಿಯಮ್ಮನಿಗೆ, "ಅಮ್ಮಾ, ನೀವು ಮೆಚ್ಚಿದ್ದು ನೆಮ್ಮದಿಯಲ್ಲ. ನಾನು ಹೆದರಿಸಿ ಮುಚ್ಚಿಸಿದ ಬಾಯಿಗಳು" ಎಂದ.

ಅಪ್ಪಣೆ ರದ್ದಾಗಿ, ಅಂದಿನಿಂದ ಬಿದಿರುಗುಡ್ಡದಲ್ಲಿ ಮತ್ತೆ ಗಲಾಟೆಯೋ ಗಲಾಟೆ. ಕೆಂಚಿ ಮಾತ್ರ ಹೊಟ್ಟೆ ತುಂಬ ನೀರು ಕುಡಿದು ಮನೆಗೆ ಬರುತ್ತಿದ್ದಳು.

ನೀತಿ: ಅಪಾಯ ಹೇಳುವವರ ಬಾಯಿ ಮುಚ್ಚಿಸುವ ಕಾವಲುಗಾರ ತನ್ನ ಮನೆಯನ್ನೂ ಕಾಯಲಾರ.