ಜೋಳದ ಹೊಲದ ಹಾರುವ ತಟ್ಟೆ

ಹಕ್ಕಿಗಳನ್ನು ಬೆದರಿಸಲೆಂದು ರೈತ ಜೋಳದ ಹೊಲದಲ್ಲಿ ಹಳೆಯ ಸಿ.ಡಿ.ಯೊಂದನ್ನು ತೂಗುಹಾಕಿದ್ದ. ಗಿಳಿಶಾಸ್ತ್ರದವನ ಪಂಜರದಿಂದ ತಪ್ಪಿಸಿಕೊಂಡು ಬಂದಿದ್ದ ಗಿಳಿ ಅದನ್ನು ನೋಡಿ, "ಅದು ಅನ್ಯಗ್ರಹದವರ ಹಾರುವ ತಟ್ಟೆ. ಕಾಳು ಮುಟ್ಟಿದವರನ್ನು ಹೊತ್ತೊಯ್ಯುತ್ತದೆ" ಎಂದು ಸಾರಿತು. ಹಕ್ಕಿಗಳೆಲ್ಲ ಉಪವಾಸ ಕೂತವು.

ಮರಿಗಳು ಹಸಿವಿನಿಂದ ಚೀರುವುದನ್ನು ಕೇಳಲಾರದೆ ಗುಬ್ಬಿಯೊಂದು ನೇರ ಹೋಗಿ ತಟ್ಟೆಯನ್ನೇ ಕುಕ್ಕಿತು. ಅದು ದಾರದ ತುದಿಯಲ್ಲಿ ಗಿರ್ರನೆ ತಿರುಗಿತು, ಅಷ್ಟೇ. ಗುಬ್ಬಿ ಕೊಕ್ಕಿನ ತುಂಬ ಕಾಳು ತಂದು ಮರಿಗಳಿಗೆ ಉಣಿಸಿತು.

"ನೀನು ಬದುಕಿದ್ದು ನನ್ನ ಮಂತ್ರದಿಂದ ಕಣಮ್ಮ" ಎಂದಿತು ಗಿಳಿ.

"ಹೌದಾ ಸ್ವಾಮಿ? ಹಾಗಾದರೆ ನಾಳೆ ಮಂತ್ರ ಹೇಳಬೇಡಿ. ನಾನು ಮತ್ತೆ ಹೋಗಿ ತಿನ್ನುತ್ತೇನೆ. ಬದುಕಿ ಬಂದರೆ ಆಗ ಏನು ಹೇಳುತ್ತೀರೋ, ಅದನ್ನು ಇವತ್ತೇ ಎಲ್ಲರೆದುರು ಹೇಳಿಬಿಡಿ."

ಹಸಿದ ಹಕ್ಕಿಗಳೆಲ್ಲ ಗಿಳಿಯತ್ತ ತಿರುಗಿ ಕೂತವು.