ಬೊಮ್ಮರಸನ ಕಂಪ್ಯೂಟರ್ ಸುಮ್ಮನಾದದ್ದು

“ಕೇಳಿರಯ್ಯಾ, ಹೊಂಗೆಪುರದ ಜನರೇ! ಅರಮನೆಯ ಕಂಪ್ಯೂಟರಿನ ಫ್ಯಾನ್ ಬೊಬ್ಬೆ ಹೊಡೆದು ಅರಸರು ಹನ್ನೊಂದು ದಿನದಿಂದ ಕಣ್ಣು ಮುಚ್ಚಿಲ್ಲ. ಲೆಕ್ಕ ನಿಲ್ಲಬಾರದು, ಸದ್ದು ನಿಲ್ಲಬೇಕು. ಕುಮಾರಿ ಹೊನ್ನಾಂಬೆಯವರ ಮೂರು ಒಗಟು ಬಿಡಿಸಿದವನಿಗಷ್ಟೇ ಅದನ್ನು ಮುಟ್ಟುವ ಅಪ್ಪಣೆ. ಗೆದ್ದವನಿಗೆ ಕುಮಾರಿಯ ಕೈ, ಸೋತವನಿಗೆ ತಲೆದಂಡ!” ಎಂದು ಡಂಗುರದವನು ಸಾರಿದ.

ಮಳೆಗಾಲದಲ್ಲಿ ಎಪ್ಪತ್ತು ಕೆರೆಗಳ ತೂಬುಗಳನ್ನು ಯಾವ ದಿನ ಎಷ್ಟು ತೆರೆಯಬೇಕು ಎಂಬುದು ಆ ಲೆಕ್ಕ. ಶುಕ್ರವಾರ ಸೂರ್ಯ ಹುಟ್ಟುವುದರೊಳಗೆ ಮುಗಿಯಲೇಬೇಕೆಂದು ಅರಸ ಬೊಮ್ಮರಸನ ಹಟ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಲು ಬಂದವನು ಪಕ್ಕದ ಸೀಮೆಯ ಯುವರಾಜ. ಹೊನ್ನಾಂಬೆ ಕೇಳಿದಳು: “ಗಾಳಿ ಬೀಸುವವನೇ ಅದನ್ನು ಒಳಗೆ ಕರೆಯುತ್ತಾನೆ. ಬಂದದ್ದು ಅವನ ಉಸಿರನ್ನೇ ಕಟ್ಟುತ್ತದೆ. ಕಣ್ಣೆದುರು ಇದ್ದರೆ ಕಾಣದು, ಕಣ್ಣೊಳಗೆ ಬಿದ್ದರೆ ತಿಳಿಯುತ್ತದೆ. ಏನದು?”

“ಪ್ರೇಮ” ಎಂದು ಯುವರಾಜ ಮೀಸೆ ತಿರುವಿದ. ಅವನನ್ನು ಸೆರೆಮನೆಗೆ ಕರೆದೊಯ್ದರು.

ಆಮೇಲೆ ಬಂದ ಆಸ್ಥಾನ ಪಂಡಿತ ಮೊದಲನೆಯದನ್ನು ಬಿಡಿಸಿದ. ಎರಡನೆಯದು ಹೀಗಿತ್ತು: “ಯಜಮಾನ ದುಡಿದಷ್ಟೂ ಆಳು ಕೂಗುತ್ತಾನೆ. ಆಳಿನ ಬಾಯಿ ಕಟ್ಟಿದರೆ ಯಜಮಾನ ಸಾಯುತ್ತಾನೆ. ಆಳು ಸುಮ್ಮನಾಗಲು ಅವನಿಗೆ ಏನು ಕೊಡಬೇಕು?” ಪಂಡಿತ ಬಹಳ ಯೋಚಿಸಿ “ಸಂಬಳ” ಎಂದ. ಅವನೂ ಸೆರೆಮನೆ ಸೇರಿದ. ಇಬ್ಬರ ತಲೆಗೂ ಶುಕ್ರವಾರವೇ ಮುಹೂರ್ತ.

ಗುರುವಾರ ಚಿಕ್ಕೆಂಚ ಬಂದ. ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಗೆ ಉರಿ ಹಾಕುವವನು. ಅರಮನೆಗೆ ಬೆಲ್ಲ ತಂದಾಗ ಆ ಸದ್ದು ಕೇಳಿದ್ದ. ಹೊಗೆಗೂಡು ಕಟ್ಟಿಕೊಂಡ ಒಲೆಯ ಸದ್ದು ಅದು ಎಂದು ಅವನಿಗೆ ಅನ್ನಿಸಿತ್ತು.

ಮೊದಲ ಒಗಟಿಗೆ “ಧೂಳು ಕಣ್ರವ್ವಾ” ಎಂದ. “ನಿಮ್ಮೋರು ಪೂಜೆ ಮಾಡಿ ಮಾಡಿ ಅದರ ಮೂಗಿನೊಳಕ್ಕೆಲ್ಲ ಕುಂಕುಮ, ವಿಭೂತಿ ತುಂಬವ್ರೆ.”

ಎರಡನೆಯದಕ್ಕೆ, “ದಾರಿ ಕೊಡ್ಬೇಕು. ಬಿಸಿಗಾಳಿ ಹೊರಕ್ಕೆ ಹೋಗೋ ದಾರಿ. ದೇವರ ಗೂಡಿನಾಗೆ ಕೂರ್ಸಿ ರೇಷ್ಮೆ ಹೊದ್ಸಿದ್ರೆ ಫ್ಯಾನು ಕೂಗ್ದೆ ಇನ್ನೇನು ಮಾಡ್ತದೆ?”

ಪೂಜೆ ಮಾಡಿದ್ದ ಪುರೋಹಿತರ ಮುಖ ಕೆಂಪಾಯಿತು. ಹೊನ್ನಾಂಬೆ ಮೂರನೆಯದನ್ನು ಮೆಲ್ಲಗೆ ಕೇಳಿದಳು: “ಚೂರು ಬಿಟ್ಟರೆ ಬಹಳ ಉಳಿಯುತ್ತದೆ. ಈ ಅರಮನೆಯಲ್ಲಿ ಅದು ಒಬ್ಬರ ಬಳಿ ಮಾತ್ರ ಇದೆ. ಏನದು?”

ಚಿಕ್ಕೆಂಚ ಕೊರಳು ಸವರಿಕೊಂಡ. “ಅವಸರ. ಪಾಕ ಬೇಗ ಆಗ್ಲಿ ಅಂತ ಕೊನೇ ಹಿಡಿ ಕಬ್ಬಿನ ಸಿಪ್ಪೆ ಒಲೆಗೆ ತುರುಕಿದ್ರೆ ಉರಿ ಬೋರ್ಗರೀತದೆ, ಉಳಿಯೋ ಹೊತ್ತು ಗಳಿಗೆಯಷ್ಟೇ. ಈ ಪೆಟ್ಟಿಗೇಲೂ ಆ ಕೊನೇ ಹಿಡಿಯಷ್ಟು ವೇಗ ಬಿಡಿ, ಅವ್ವಾ, ಸದ್ದು ಬಹಳ ಇಳೀತದೆ. ಆದರೆ ಲೆಕ್ಕ ಮುಗಿಯೋದು ಶುಕ್ರವಾರ ಮಧ್ಯಾಹ್ನ ಆದೀತು.”

“ಮೂರೂ ಸರಿ” ಎಂದಳು ಹೊನ್ನಾಂಬೆ.

“ಗಡುವು ಮೀರಿದರೆ ಇವನ ತಲೆ ಉಳಿಯುವುದಿಲ್ಲ” ಎಂದ ಮಂತ್ರಿ.

ಚಿಕ್ಕೆಂಚ ರೇಷ್ಮೆ ಎಳೆದು, ಪೆಟ್ಟಿಗೆಯನ್ನು ಗೂಡಿನಿಂದ ಹೊರತಂದು, ಫ್ಯಾನು ನಿಲ್ಲಿಸಿದ ಗಳಿಗೆಯಲ್ಲೇ ಕುಂಚದಿಂದ ಕುಂಕುಮ ಉದುರಿಸಿದ. ಹೊನ್ನಾಂಬೆ ಪ್ರೊಸೆಸರಿನ ವೇಗವನ್ನು ಒಂದು ಮೆಟ್ಟಿಲು ಇಳಿಸಿದಳು. ಬೊಬ್ಬೆ ಪಿಸುಮಾತಾಯಿತು. ಲೆಕ್ಕ ನಡೆಯುತ್ತಲೇ ಇತ್ತು.

ಶುಕ್ರವಾರ ಸೂರ್ಯ ಹುಟ್ಟಿದ. ಮಂತ್ರಿ ಮೂರು ತಲೆಗಳಿಗೆ ಅಪ್ಪಣೆ ಪಡೆಯಲು ಓಡಿದ. ಅರಸ ಗೊರಕೆ ಹೊಡೆಯುತ್ತಿದ್ದ. ಹನ್ನೊಂದು ದಿನ ನಿದ್ದೆಗೆಟ್ಟವನನ್ನು ಎಬ್ಬಿಸುವ ಗಂಡಸು ಆ ರಾಜ್ಯದಲ್ಲಿ ಇರಲಿಲ್ಲ. ಕೊಡಲಿ ಹಿಡಿದವನು ಬಾಗಿಲಲ್ಲಿ ಕೂತು ಆಕಳಿಸಿದ.

ಬೊಮ್ಮರಸ ಎದ್ದಾಗ ಸಂಜೆ. ಲೆಕ್ಕದ ಹಾಳೆಗಳು ಮಂಚದ ಪಕ್ಕದಲ್ಲಿದ್ದವು. ಸಭೆ ಕರೆಸಿ, ಒಗಟುಗಳನ್ನೂ ಉತ್ತರಗಳನ್ನೂ ಕೇಳಿ, “ಒಬ್ಬರ ಬಳಿ ಮಾತ್ರ ಇರುವ ಅವಸರ ಅಂದರೆ ಯಾರದು?” ಎಂದ.

“ನಿಮ್ಮದು, ಅಪ್ಪಾಜಿ” ಎಂದಳು ಹೊನ್ನಾಂಬೆ. “ಸದ್ದಿಗೆ ನಿಮ್ಮ ಅವಸರವೂ ಕಾರಣವೆಂದು ಮೊದಲ ದಿನದಿಂದಲೇ ನನಗೆ ಗೊತ್ತಿತ್ತು. ಹೇಳಲು ಹೆದರಿ ಒಗಟು ಮಾಡಿದೆ. ಅದಕ್ಕೆ ಇಬ್ಬರ ತಲೆ ಹೋಗುವುದಿತ್ತು. ತಪ್ಪು ನನ್ನದೂ ಹೌದು.”

ಅರಸ ಲೆಕ್ಕದ ಹಾಳೆಗಳನ್ನು ಮಡಿಚಿಟ್ಟ. ಆಮೇಲೆ ಕೊಡಲಿಯವನನ್ನು ಮನೆಗೆ ಕಳಿಸಿ, ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿದ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಕೊಟ್ಟ ಮಾತು ನನ್ನದು, ಕೈ ನಿನ್ನದು. ಇವನಿಗೆ ಕೊಡುತ್ತೀಯಾ?” ಎಂದು ಕೇಳಿದ. ಅವಳನ್ನು ಅವನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಹೊನ್ನಾಂಬೆ ಚಿಕ್ಕೆಂಚನನ್ನು ಒಂದು ಸಲ ನೋಡಿ, ಹೂಂ ಎಂದಳು.